ಅರ್ಧ ಎಳೆದ ಶಟರಿನೊಳಗಿನ ಫುಟ್‌ಬಾಲು

ಮೊನ್ನೆ ಪುತ್ತೂರು ಬಸ್‌ಸ್ಟಾಂಡಿನಲ್ಲಿ ಒಬ್ಬನನ್ನು ನೋಡಿದೆ. ಸೆಕೆಗೆ ನಾಯಿಗಳೂ ಬೆಂಚಿನ ಅಡಿಯಿಂದ ಹೊರಗೆ ಬರದಿದ್ದ ಮಧ್ಯಾಹ್ನ ಅವನ ಕೊರಳಲ್ಲಿ ಉಣ್ಣೆಯ ಶಾಲು! ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೋಗಿ ಪಕ್ಕದಲ್ಲೇ ಕುಳಿತು "ಎಲ್ಲಿಗೆ?" ಎಂದು ಕೇಳಿದೆ. "ಮಡಿಕೇರಿಗೆ" ಎಂದ. ಅಲ್ಲಿ ಚಳಿ ಇರಬಹುದು, ಒಪ್ಪಿದೆ. ಆದರೆ ಸುಳ್ಯ ದಾಟಿ ಘಾಟಿ ಹತ್ತುವವರೆಗೆ ಶಾಲನ್ನು ಚೀಲದಲ್ಲಿ ಇಟ್ಟುಕೊಳ್ಳಬಹುದಲ್ಲ? ಬಸ್ಸು ಹೊರಡುವ ತನಕ ಅವನ ಮೇಲೊಂದು ಕಣ್ಣಿಟ್ಟೇ ಇದ್ದೆ. ಅವನೂ ನನ್ನ ಮೇಲೊಂದು ಕಣ್ಣಿಟ್ಟಿದ್ದನೆಂದು ಈಗ ಅನ್ನಿಸುತ್ತದೆ.

ನಿಮಗೆ ಇದು ಅತಿಯಾಯಿತು ಎನ್ನಿಸಬಹುದು. ಏನು ಮಾಡುವುದು, ಸಂಶಯವೇ ನನ್ನ ಹೊಟ್ಟೆಪಾಡಾಗಿತ್ತು. ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿ ನಿವೃತ್ತನಾದವ ನಾನು. ಬಸ್ಸಿಗೆ ಹತ್ತಿದ ಕೂಡಲೇ ಯಾರು ಕಿಟಕಿಯ ಹೊರಗೆ ಅಗತ್ಯಕ್ಕಿಂತ ಹೆಚ್ಚು ಆಸಕ್ತಿಯಿಂದ ನೋಡುತ್ತಾರೋ ಅವರ ಹತ್ತಿರವೇ ಮೊದಲು ಹೋಗುತ್ತಿದ್ದೆ. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರಾದರೂ ತಲೆ ತಗ್ಗಿಸಿದರೆ ಇವನನ್ನು ಇವರು ಕರೆದಿದ್ದಾರೋ ಇಲ್ಲವೋ ಎಂದು ಯೋಚಿಸುತ್ತೇನೆ.

ಪೂರ್ತಿ ತಪ್ಪನ್ನು ನೌಕರಿಯ ಮೇಲೆ ಹಾಕುವುದೂ ಸರಿಯಲ್ಲ. ಇದು ರಕ್ತದಲ್ಲೇ ಬಂದದ್ದು. ಮರ್ಕಂಜದಲ್ಲಿ ನನ್ನ ಅಜ್ಜಿ ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ತನ್ನ ತಲೆಕೂದಲೊಂದನ್ನು ಸುತ್ತಿ ಇಡುತ್ತಿದ್ದಳು. ಕೂದಲು ತುಂಡಾಗಿದ್ದರೆ ಕಳ್ಳ ಬಂದಿದ್ದಾನೆ ಎಂದು ಅರ್ಥ. ನಾನು ಬುದ್ಧಿವಂತ, ಬೆಲ್ಲ ತಿಂದು, ನನ್ನದೇ ಕೂದಲು ಕಿತ್ತು ಸುತ್ತಿ ಇಟ್ಟೆ. ಅಜ್ಜಿಯ ಕೂದಲು ಬೆಳ್ಳಗೆ, ನನ್ನದು ಕಪ್ಪಗೆ. ಆ ದಿನ ಬಿದ್ದ ಪೆಟ್ಟು ಈಗಲೂ ನೆನಪುಂಟು. ಫುಟ್‌ಬಾಲಿಗೂ ನನಗೂ ಇದ್ದ ಸಂಬಂಧ ಅದೇ ಕಾಲದ್ದು: ಶಾಲೆಯ ಹಿಂದಿನ ಗದ್ದೆಯಲ್ಲಿ ಚಕ್ಕೋತ ಹಣ್ಣನ್ನು ಒದೆಯುತ್ತಿದ್ದೆವು. ಅದು ಒಡೆದರೆ ಆಟ ಮುಗಿಯಿತು, ತಿನ್ನಲು ಶುರು. ಗೆದ್ದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಆ ಆಟ ಪುನಃ ನನ್ನ ಜೀವನಕ್ಕೆ ಬಂದದ್ದು ಮಗಳು ಸೌಮ್ಯಳ ಮದುವೆಯ ಮಾತು ಎದ್ದಾಗಲೇ.

ಸೌಮ್ಯ ನಾವಿರುವ ಪುತ್ತೂರಿನಲ್ಲೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕಡಬದ ಹುಡುಗನ ಸಂಬಂಧವನ್ನು ಗುತ್ತಿಗಾರಿನ ನನ್ನ ತಂಗಿ ತಂದಳು. ತಂದದ್ದು ಯಾವಾಗ? ಆಟಿ ತಿಂಗಳಲ್ಲಿ! ಆಟಿಯಲ್ಲಿ ನಮ್ಮ ಕಡೆ ಒಳ್ಳೆಯ ಕೆಲಸದ ಮಾತನ್ನೇ ಎತ್ತುವುದಿಲ್ಲ. ಅಷ್ಟು ಅವಸರ ಯಾಕೆ ಎಂದು ನನ್ನ ಸಂಶಯ ಅಲ್ಲಿಂದಲೇ ಶುರುವಾಯಿತು. ಹುಡುಗನ ಹೆಸರು ಜೀವನ್. ಕಡಬದಲ್ಲಿ ಹುಲ್ಲು ಕತ್ತರಿಸುವ ಯಂತ್ರ, ತೋಟಕ್ಕೆ ಮದ್ದು ಬಿಡುವ ಪಂಪು ಇಂಥದ್ದೆಲ್ಲ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಆಟಿ ಮುಗಿದು ಸೋಣ ಸಂಕ್ರಮಣ ಕಳೆದ ಮೇಲೆ ಮನೆಯವರು ಬಂದು ನೋಡಿ ಹೋದರು. ಹುಡುಗನ ತಂದೆ ಬೆಳ್ಯಪ್ಪ ಗೌಡರು ಮಾತಿಗಿಂತ ಹೆಚ್ಚು ಕೆಮ್ಮುವ ಮನುಷ್ಯ. ಅವರು ಗೇಟು ದಾಟುವ ಮೊದಲೇ ಸೌಮ್ಯ "ನನಗೆ ಒಪ್ಪಿಗೆ" ಎಂದುಬಿಟ್ಟಳು. ಅದಕ್ಕಿಂತ ಮೊದಲು ಬಂದ ಮೂವರನ್ನು ಮುಖ ಸರಿಯಾಗಿ ನೋಡದೆ ಬೇಡ ಎಂದಿದ್ದವಳು.

"ಇದು ತಪ್ಪಿದರೆ ಇವಳು ಇನ್ನೊಬ್ಬನನ್ನು ನೋಡಲಿಕ್ಕೆ ಕೂರುದಿಲ್ಲ. ನಿಮ್ಮ ಚೆಕಿಂಗ್ ಇಲ್ಲಿ ಬೇಡ," ಎಂದಳು ನನ್ನ ಹೆಂಡತಿ ಭಾಗೀರಥಿ. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಅರೆಭಾಷೆಯಲ್ಲಿ ಅವಳು ಹೇಳಿದ್ದು ಇದಕ್ಕಿಂತ ಖಾರವಾಗಿಯೇ ಇತ್ತು.

ಆದರೆ ಸಂಬಂಧ ಬಂದಾಗ ವಿಚಾರಿಸುವುದು ಕ್ರಮ. ಹುಡುಗನ ಊರಿಗೆ ಹೋಗಿ, ಅಂಗಡಿಯಲ್ಲಿ ಕುಳಿತು, ಬೇರೇನೋ ಮಾತಾಡುತ್ತ, ನಡುವೆ ಅವನ ಹೆಸರು ಜಾರಿಸಿ, ಎದುರಿನವನ ಮುಖ ನೋಡಬೇಕು. ಕಡಬದಲ್ಲಿ ನನಗೆ ಪದ್ಮಣ್ಣ ಇದ್ದ. ಹಿಂದೆ ಖಾಸಗಿ ಬಸ್ಸಿನ ಕಂಡಕ್ಟರ್, ಈಗ ಜೀವನ್ ಅಂಗಡಿಯ ಎದುರಿಗೇ ಚಾ ಹೋಟೆಲು. ನಾನು ಫೋನು ಮಾಡಿ ಕೇಳಿದೆ.

"ಒಳ್ಳೆ ಹುಡುಗ ಸಾರ್," ಎಂದ ಪದ್ಮಣ್ಣ. "ಕುಡಿಯುದಿಲ್ಲ, ಬೀಡಿ ಇಲ್ಲ. ಆದರೆ ಒಂದು..."

"ಎಂತ ಒಂದು?"

"ಶನಿವಾರ ಸಂಜೆ ಶಟರ್ ಅರ್ಧ ಎಳೆದು ಒಳಗೆ ಕೂರ್ತಾನೆ. ಒಮ್ಮೆ ಐದು ಗಂಟೆಗೆ, ಒಮ್ಮೆ ಏಳೂವರೆಗೆ. ಹೊತ್ತಿಗೆ ಲೆಕ್ಕ ಇಲ್ಲ. ಒಳಗಿಂದ ಒಮ್ಮೊಮ್ಮೆ ಬೊಬ್ಬೆ ಕೇಳ್ತದೆ."

ಪೂರ್ತಿ ಎಳೆದ ಶಟರಿಗೆ ನಾನು ಹೆದರುವುದಿಲ್ಲ, ಮನುಷ್ಯ ಮನೆಗೆ ಹೋಗಿದ್ದಾನೆ ಅಷ್ಟೆ. ಪೂರ್ತಿ ತೆರೆದದ್ದಕ್ಕೂ ಹೆದರುವುದಿಲ್ಲ. ಅರ್ಧ ಎಳೆದದ್ದು ಎಂದರೆ ಮಾತ್ರ ನನ್ನ ಮಂಡೆ ಬಿಸಿಯಾಗುತ್ತದೆ. ಮುಂದಿನ ಶನಿವಾರವೇ ಕಡಬದ ಬಸ್ಸು ಹತ್ತಿದೆ.

ಶಟರಿನ ಅಡಿಯಿಂದ ಬಗ್ಗಿ ನೋಡಿದರೆ ಹುಡುಗ ಸ್ಟೂಲಿನ ಮೇಲೆ ಕುಳಿತಿದ್ದಾನೆ, ಕೊರಳಿಗೆ ಉಣ್ಣೆಯ ಶಾಲು, ಮೈಯೆಲ್ಲ ಬೆವರು. ಎದುರಿಗೆ ಮದ್ದಿನ ಪಂಪಿಗೆ ಒರಗಿಸಿಟ್ಟ ಮೊಬೈಲು. ನಾನು ಕೆಮ್ಮಿದೆ. ಅವನು ಹಾರಿ ಎದ್ದ.

"ಮಾವ! ಬನ್ನಿ, ಒಳಗೆ ಬನ್ನಿ. ತಲೆ ಜಾಗ್ರತೆ."

ಇನ್ನೂ ಮಾತುಕತೆಯೇ ಮುಗಿದಿಲ್ಲ, ಆಗಲೇ ಮಾವ! ನಾನು ಗಂಭೀರವಾಗಿ ಕುಳಿತೆ. ನೋಡುತ್ತಿರುವುದು ಏನೆಂದು ಕೇಳಿದರೆ ಇಂಗ್ಲೆಂಡಿನ ಫುಟ್‌ಬಾಲು ಎಂದ. ಅದೂ ಮೇಲಿನ ಸಾಲಿನದ್ದಲ್ಲ, ಎರಡನೇ ಸಾಲಿನದ್ದು. ವರ್ಷದ ಕೊನೆಗೆ ಮೊದಲ ಎರಡು ತಂಡ ನೇರವಾಗಿ ಮೇಲೆ ಹೋಗುತ್ತವಂತೆ, ಅವರ ಹಿಂದಿನ ಕೆಲವರು ತಮ್ಮತಮ್ಮಲ್ಲಿ ಇನ್ನೊಂದು ಪರೀಕ್ಷೆ ಬರೆದು ಒಬ್ಬರು ಮೇಲೇರುತ್ತಾರಂತೆ, ಅಡಿಯಲ್ಲಿದ್ದವರು ಮೂರನೇ ಸಾಲಿಗೆ ಬೀಳುತ್ತಾರಂತೆ. ಇವನ ತಂಡದ ಹೆಸರು ಹೇಳಿದ. ನನ್ನ ನಾಲಗೆ ಅದಕ್ಕೆ ಹೊರಳಲಿಲ್ಲ, ಈಗಲೂ ಹೊರಳುವುದಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

"ನೋಡುದೇ ಆದ್ರೆ ಮೊದಲನೇ ಸಾಲಿನವರನ್ನು ನೋಡಬಾರದಾ?" ಎಂದು ಕೇಳಿದೆ. ಪುತ್ತೂರಿನ ಮಾರುಕಟ್ಟೆಯಲ್ಲಿ ಒಳ್ಳೆಯ ಅಡಿಕೆಯನ್ನೆಲ್ಲ ಆರಿಸಿದ ಮೇಲೆ ಉಳಿದ ಪಟೋರದ ರಾಶಿಯ ಎದುರು ಕುಳಿತು ಯಾರಾದರೂ ಆನಂದಪಡುತ್ತಾರಾ?

ಅವನು ನಕ್ಕ. "ಹೈಸ್ಕೂಲಿಗೆ ಹೋಗುವಾಗ ಅಪ್ಪ ಸುಳ್ಯದ ಸಂತೆಯಿಂದ ಒಂದು ಬನಿಯನ್ ತಂದಿದ್ರು ಮಾವ. ಅದರಲ್ಲಿ ಈ ತಂಡದ ಮುದ್ರೆ ಇತ್ತು. ಯಾವ ತಂಡ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಮತ್ತೆ ಹುಡುಕಿ ನೋಡಿದೆ. ಪಾಪ, ಯಾವಾಗಲೂ ಸೋಲ್ತಿದ್ರು. ಬಿಟ್ಟು ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ."

"ಈ ಶಾಲು?"

"ಅಲ್ಲಿಂದ ತರಿಸಿದ್ದು. ಪಂದ್ಯ ಇರುವಾಗ ಹಾಕಬೇಕು."

ಸಂತೆಯಲ್ಲಿ ಸಿಕ್ಕಿದ ಬನಿಯನಿಗಾಗಿ ಇಷ್ಟು ವರ್ಷದ ನಿಷ್ಠೆ! ನೀವು ನಂಬುತ್ತೀರಾ? ನಾನು ನಂಬಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಇಲ್ಲದವನು ಹೇಳುವ ಕತೆ ಯಾವಾಗಲೂ ಹೀಗೆಯೇ ಚೆಂದ ಇರುತ್ತದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದೆ: ಇದು ಬೆಟ್ಟಿಂಗ್. ಮೊಬೈಲಿನಲ್ಲಿ ಹಣ ಕಟ್ಟಿ ಮನೆ ಮುಳುಗಿಸಿಕೊಂಡವರ ಸುದ್ದಿ ದಿನಾ ಪೇಪರಿನಲ್ಲಿ ಓದುತ್ತೇವಲ್ಲ.

ಅಂದಿನಿಂದ ನನ್ನ ತಪಾಸಣೆ ಶುರು. ನನ್ನ ಉಪಾಯ ಸರಳ. ತಂಡ ಗೆದ್ದದ್ದೋ ಸೋತದ್ದೋ ನನಗೆ ಮೊದಲೇ ಗೊತ್ತಿರಬೇಕು. ಭಾನುವಾರ ಬೆಳಿಗ್ಗೆ ಮರ್ಕಂಜದ ತೋಟದ ಹುಲ್ಲಿನ ಯಂತ್ರ ಕೆಟ್ಟಿದೆ ಎಂಬ ನೆಪದಲ್ಲಿ ಹುಡುಗನಿಗೆ ಫೋನು ಮಾಡಬೇಕು. ಬರೇ ಅಭಿಮಾನಿಯಾದರೆ ಸೋತ ಮರುದಿನ ಸ್ವಲ್ಪ ಬೇಜಾರು. ಹಣ ಕಟ್ಟಿದವನಾದರೆ ಧ್ವನಿಯೇ ಹೊರಡಲಿಕ್ಕಿಲ್ಲ.

ಕಷ್ಟ ಇದ್ದದ್ದು ಸ್ಕೋರು ತಿಳಿಯುವುದರಲ್ಲಿ. ನಮ್ಮ ಪೇಪರಿನವರು ಎರಡನೇ ಸಾಲಿನ ತಂಡಗಳಿಗೆ ಒಂದು ಗೆರೆ ಜಾಗವನ್ನೂ ಕೊಡುವುದಿಲ್ಲ. ಬಸ್‌ಸ್ಟಾಂಡಿನಲ್ಲಿ ಕಾಲೇಜು ಮಕ್ಕಳನ್ನು ಹಿಡಿದು "ನಿನ್ನೆ ಇಂಗ್ಲೆಂಡಿನದ್ದು ಎಂತಾಯ್ತು?" ಎಂದು ಕೇಳುತ್ತಿದ್ದೆ. ಕೊನೆಗೆ ಒಂದು ಮೊಬೈಲ್ ಅಂಗಡಿಯವನಿಂದ ಫೋನಿಗೆ ಸ್ಕೋರು ತೋರಿಸುವ ಏನೋ ಹಾಕಿಸಿಕೊಂಡೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಪ್ರಾಯದಲ್ಲಿ ಜಾಗ್ರತೆ ಗೌಡ್ರೇ" ಎಂದ. ಕಣ್ಣಿಗೆ ಜಾಗ್ರತೆ ಎನ್ನುತ್ತಾನೆ ಎಂದುಕೊಂಡೆ.

ಆ ತಂಡದ ವರ್ಷವನ್ನು ಏನು ಹೇಳಲಿ! ನವರಾತ್ರಿಯ ಹೊತ್ತಿಗೆ ಗೆದ್ದು ಗೆದ್ದು ಮೇಲೆ ಬಂದರು. ದೀಪಾವಳಿಗೆ ಎರಡನೇ ಸ್ಥಾನ. ನನಗೆ ಇದೂ ಸಂಶಯವೇ. ಯಾವಾಗಲೂ ಸೋಲುವವರು ಏಕಾಏಕಿ ಗೆಲ್ಲುವುದೆಂದರೆ? ಮಕರ ಸಂಕ್ರಮಣ ಕಳೆದದ್ದೇ ತಡ, ಗೋಲು ಹೊಡೆಯುವವನು ಕಾಲು ಮುರಿದುಕೊಂಡ. ಗೋಲಿ, ಅದೇ ಬಲೆ ಕಾಯುವವನು, ಕೈಗೆ ಎಣ್ಣೆ ಹಚ್ಚಿಕೊಂಡವನ ಹಾಗೆ ಚೆಂಡು ಬಿಡತೊಡಗಿದ. ಅವನ ಮೇಲಂತೂ ನನಗೆ ಈಗಲೂ ವಿಶ್ವಾಸವಿಲ್ಲ. ಮೂರಕ್ಕೆ ಇಳಿದರು, ಐದಕ್ಕೆ, ಏಳಕ್ಕೆ. ಏಪ್ರಿಲಿನಲ್ಲಿ ಬಿಸುವಿನ ಹಬ್ಬದ ದಿನ ಪಾಯಸ ಬಡಿಸುವಾಗ ನಾನು ಆ ಗೋಲಿಗೆ ಬಯ್ಯುತ್ತಿದ್ದೆ ಎಂದು ಭಾಗೀರಥಿ ಈಗಲೂ ಹೇಳುತ್ತಾಳೆ.

ಜೀವನ್ ಮಾತ್ರ ಗೆದ್ದಾಗಲೂ "ಹ್ಞಾಂ ಮಾವ, ಯಂತ್ರ ತಗೊಂಡು ಬನ್ನಿ, ನೋಡುವ" ಎನ್ನುತ್ತಿದ್ದ. ಸೋತಾಗಲೂ ಅದೇ ಧ್ವನಿ.

"ನೋಡು, ಇದೇ ಡೌಟು. ಇಷ್ಟು ಸೋತರೂ ಏನೂ ಆಗದ ಹಾಗೆ ಮಾತಾಡುವವ ಪಕ್ಕಾ ಪಳಗಿದವ," ಎಂದೆ ಹೆಂಡತಿಗೆ.

"ಅತ್ತರೂ ಡೌಟು, ಅಳದಿದ್ದರೂ ಡೌಟು. ಆ ಹುಡುಗ ನಿಮ್ಮ ಕೈಯಲ್ಲಿ ಎಂತ ಮಾಡಿದ್ರೆ ಪಾಸು?" ಎಂದಳು ಅವಳು.

ಒಪ್ಪಿಗೆ ಕೊಟ್ಟು ಎಷ್ಟೋ ತಿಂಗಳಾದರೂ ಅಪ್ಪ ಮುಂದೆ ಹೋಗುತ್ತಿಲ್ಲ ಎಂದು ಸೌಮ್ಯಳ ಮುಖ ಸಣ್ಣದಾಗುತ್ತಿತ್ತು. ಶನಿವಾರ ಸಂಜೆ ಡ್ಯೂಟಿಯಿಂದ ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲ್ಯಾಬಿನ ಯಾವುದೋ ಪರೀಕ್ಷೆಗೆ ಓದುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳನ್ನು ನೋಡುವಾಗ ನನಗೂ ಸಂಕಟ ಆಗುತ್ತಿತ್ತು. ಆದರೂ ಮೇ ಕೊನೆಯ ಪತ್ತನಾಜೆಯ ಒಳಗೆ ಒಂದು ತೀರ್ಮಾನ ಹೇಳುತ್ತೇನೆ, ಆಟದ ವರ್ಷ ಮುಗಿಯಲಿ ಎಂದು ದಿನ ದೂಡಿದೆ.

ಹೀಗಿರುವಾಗ ಒಂದು ಭಾನುವಾರ ಬೆಳ್ಯಪ್ಪ ಗೌಡರು ತಮ್ಮ ಅಣ್ಣನನ್ನು ಕರೆದುಕೊಂಡು ಹೇಳದೆ ಕೇಳದೆ ಬಂದರು. ಭಾಗೀರಥಿ ಕಾಫಿ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ. ಸಂಬಂಧದ ಮನೆಯಲ್ಲಿ ಬಂದವರು ಕಾಫಿ ಮುಟ್ಟಲಿಲ್ಲ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು ಇಲ್ಲ.

"ಮೊದಲು ಒಂದು ವಿಷಯ ಕೇಳ್ಲಿಕ್ಕುಂಟು ಗೌಡ್ರೇ," ಎಂದು ಬೆಳ್ಯಪ್ಪ ಗೌಡರು ಕೆಮ್ಮಿದರು. "ಹುಡುಗಿ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮನೆತನ ನೋಡ್ಬೇಕಲ್ಲ. ನಿಮಗೆ ಆಟದ ಮೇಲೆ ಹಣ ಕಟ್ಟುವ ಅಭ್ಯಾಸ ಉಂಟು ಅಂತ ಕೇಳಿದೆವು."

"ನನಗಾ?"

"ಬಸ್‌ಸ್ಟಾಂಡಿನಲ್ಲಿ ಕಂಡಕಂಡವರ ಹತ್ರ ಇಂಗ್ಲೆಂಡಿನ ಸ್ಕೋರು ಕೇಳ್ತೀರಂತೆ. ಫೋನಿನಲ್ಲಿ ಅದರದ್ದು ಎಂತದೋ ಹಾಕಿಸಿದ್ದೀರಂತೆ. ಸೋತ ಮರುದಿನ ನನ್ನ ಮಗನಿಗೆ ಫೋನ್ ಮಾಡಿ ಯಾವುದೋ ಮೆಷಿನಿನ ಕತೆ ಹೇಳ್ತೀರಂತೆ. ಆ ಮೆಷಿನ್ ಇವತ್ತಿನವರೆಗೆ ಅಂಗಡಿಗೆ ಬರ್ಲಿಲ್ಲ."

"ನಿಮಗೆ ಯಾರು ಹೇಳಿದ್ದು ಇದೆಲ್ಲ?"

"ನಮ್ಮ ಪದ್ಮಣ್ಣ. ಪುತ್ತೂರಿಗೆ ಹೋಗಿ ವಿಚಾರಿಸಿ ಬಂದದ್ದು."

ಎಲಾ ಪದ್ಮಣ್ಣ! ನನ್ನ ಗೂಢಚಾರ ಅವರದ್ದೂ ಗೂಢಚಾರ. ವಿಚಾರಿಸುವ ಕ್ರಮ ಗಂಡಿನ ಕಡೆಯವರಿಗೂ ಉಂಟು ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಹಣ ಕಟ್ಟುವುದಿಲ್ಲ ಎನ್ನಬಹುದು. ಮತ್ತೆ ಯಾಕೆ ಎಂದು ಕೇಳಿದರೆ? ಕಿಟಕಿಯ ಹೊರಗೆ ನೋಡತೊಡಗಿದೆ.

ಬಾಗಿಲ ಬಳಿ ನಿಂತಿದ್ದ ಸೌಮ್ಯ ಮುಂದೆ ಬಂದಳು. "ಅಪ್ಪ ಹಣ ಕಟ್ಟುವವರಲ್ಲ ಮಾವ. ನಿಮ್ಮ ಮಗ ಕಟ್ತಾರಾ ಅಂತ ಇಷ್ಟು ದಿನ ಪರೀಕ್ಷೆ ಮಾಡ್ತಿದ್ದದ್ದು."

ಬೆಳ್ಯಪ್ಪ ಗೌಡರ ಕೆಮ್ಮೇ ನಿಂತಿತು. ಹೆಗಲ ಬೈರಾಸು ಕೊಡವಿ ಎದ್ದೇಬಿಟ್ಟರು. "ನನ್ನ ಮಗ ಜೂಜುಕೋರನಾ? ದೈವದ ಎದುರು ನಿಂತು ಹೇಳ್ತೀರಾ ಈ ಮಾತು?"

"ನಾನು ಕಟ್ಟಿದ್ದೇನೆ ಅಂತ ನೀವು ಹೇಳ್ತೀರಾ?" ನನಗೂ ಪಿತ್ತ ನೆತ್ತಿಗೇರಿತು.

ಸೌಮ್ಯ ಅಲ್ಲೇ ಗೋಡೆಗೆ ಒರಗಿದಳು. ಅವಳ ಮುಖ ನೋಡಿ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಎಷ್ಟೋ ಜನರನ್ನು ಬಸ್ಸಿನಿಂದ ಇಳಿಸಿದವ ನಾನು, ಈಗ ನನ್ನ ಮಗಳನ್ನೇ ಅರ್ಧ ದಾರಿಯಲ್ಲಿ ಇಳಿಸುತ್ತಿದ್ದೆ.

ಅಷ್ಟರವರೆಗೆ ಸುಮ್ಮನೆ ಕುಳಿತಿದ್ದ ಬೆಳ್ಯಪ್ಪ ಗೌಡರ ಅಣ್ಣ ಮಾತಾಡಿದರು. ಹಳೆಯ ಕಾಲದಲ್ಲಿ ಕೋಳಿಗಳನ್ನು ಕಾದಿಸುವ ಕೋಳಿಕಟ್ಟದ ಕಳದಲ್ಲಿ ಬೆಳೆದ ಮನುಷ್ಯ ಅವರು. "ಪ್ರಮಾಣ ಗಿಮಾಣ ಎಂತಕ್ಕೆ ಮಾರಾಯ್ರೆ? ಕೋಳಿ ಅಂಕದಲ್ಲಿ ಯಾರು ಹಣ ಕಟ್ಟಿದ್ದಾರೆ ಅಂತ ತಿಳೀಬೇಕಾದ್ರೆ ಕೋಳಿಯನ್ನು ನೋಡುದಲ್ಲ, ಮನುಷ್ಯನ ಮುಖ ನೋಡುದು. ಬರುವ ಶನಿವಾರ ಕೊನೇ ಪಂದ್ಯ ಅಂತೆ. ನೀವೂ ಕಡಬಕ್ಕೆ ಬನ್ನಿ. ಎಲ್ಲರೂ ಒಂದೇ ಕಡೆ ಕೂರುವ. ಮುಖ ಹೇಳ್ತದೆ."

ಹಾಗೆ ಮೇ ತಿಂಗಳ ಶನಿವಾರ ಸಂಜೆ ನಾವು ನಾಲ್ವರು ಜೀವನ್‌ನ ಅಂಗಡಿಯಲ್ಲಿ ಕುಳಿತೆವು. ಶಟರನ್ನು ಪೂರ್ತಿ ಮೇಲೆತ್ತಲು ನಾನೇ ಹೇಳಿದೆ. ಆ ದಿನ ಗೆದ್ದರೆ ಇವನ ತಂಡಕ್ಕೆ ಮೇಲೇರುವ ಪರೀಕ್ಷೆಗೆ ಕೂರಲು ಜಾಗ. ಗೆಲ್ಲದಿದ್ದರೆ ಎರಡನೇ ಸಾಲಿನಲ್ಲೇ ಇನ್ನೊಂದು ವರ್ಷ. ಬೆಳ್ಯಪ್ಪ ಗೌಡರು ನನ್ನ ಮುಖ ನೋಡುತ್ತಿದ್ದರು. ನಾನು ಜೀವನ್ ಮುಖ ನೋಡುತ್ತಿದ್ದೆ. ಅಣ್ಣನವರು ಇಬ್ಬರನ್ನೂ ನೋಡುತ್ತಿದ್ದರು. ಚೆಂಡನ್ನು ನೋಡುತ್ತಿದ್ದವನು ಹುಡುಗ ಒಬ್ಬನೇ.

ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುತ್ತೇನೆ ಎಂದು ನಿಶ್ಚಯಿಸಿ ಬಂದಿದ್ದೆ. ಅರ್ಧ ಆಟ ಮುಗಿಯುವ ಮುಂಚೆ ಜೀವನ್‌ನ ತಂಡದವರು ಒಂದು ಗೋಲು ಹೊಡೆದರು. ಜೀವನ್ ಎರಡೂ ಕೈಗಳಿಂದ ಶಾಲನ್ನು ಗಟ್ಟಿಯಾಗಿ ಹಿಡಿದುಕೊಂಡ, ಅಷ್ಟೆ. ಇದು ಹಣ ಕಟ್ಟಿದವನ ಹಿಡಿತವಲ್ಲ ಎಂದು ನನಗೆ ಆ ಕ್ಷಣ ಖಚಿತವಾಯಿತು. ಹಣ ಕಟ್ಟಿದವನು ಗೆಲ್ಲುತ್ತಿರುವಾಗ ಸುತ್ತ ನೋಡುತ್ತಾನೆ. ಇವನಿಗೆ ಸುತ್ತ ನಾವು ಇದ್ದೇವೆ ಎಂಬುದೇ ಮರೆತಿತ್ತು. ಅಲ್ಲಿಂದ ಮುಂದೆ ನಾನು ಹುಡುಗನನ್ನು ನೋಡುವುದು ಬಿಟ್ಟೆ, ಚೆಂಡು ನೋಡತೊಡಗಿದೆ.

ಇನ್ನೇನು ಮುಗಿಯಿತು ಎನ್ನುವಾಗ ಎಲ್ಲಿಂದಲೋ ಒಂದು ಸಾಧಾರಣ ಚೆಂಡು ಎದುರು ತಂಡದವರಿಂದ ಬಂತು. ಅಂಗನವಾಡಿಯ ಮಗು ಹಿಡಿಯಬಹುದಾಗಿದ್ದ ಚೆಂಡು. ನನ್ನ ಆ ಗೋಲಿ ಬಗ್ಗಿದ, ಚೆಂಡು ಅವನ ಕಾಲ ಸಂದಿಯಿಂದ ಒಳಗೆ ಹೋಯಿತು.

"ಅಯ್ಯೋ, ಹಿಡಿಯಲಿಕ್ಕೆ ಎಂತ ದಾಡಿ ನಿನಗೆ! ನಾನು ಆಗಲೇ ಹೇಳಿದ್ದೆ, ಇವನನ್ನು ನಂಬಬೇಡಿ ಅಂತ!" ನಾನು ಎದ್ದು ನಿಂತು ಬೊಬ್ಬೆ ಹಾಕುತ್ತಿದ್ದೆ. ಎದುರಿನ ಹೋಟೆಲಿನಿಂದ ಪದ್ಮಣ್ಣ ಸೌಟು ಹಿಡಿದೇ ಓಡಿ ಬಂದ.

ಸಮಬಲ. ವರ್ಷ ಮುಗಿಯಿತು. ಬೆಳ್ಯಪ್ಪ ಗೌಡರು ನನ್ನ ಕಡೆ ಬೆರಳು ಮಾಡಿದರು. "ನೋಡಿದಿರಾ ಅಣ್ಣ? ಕಟ್ಟಿದವರು ಯಾರು ಅಂತ ಈಗ ಗೊತ್ತಾಯ್ತಲ್ಲ?"

"ಒಂದು ಪೈಸೆ ಕಟ್ಟಲಿಲ್ಲ ಮಾರಾಯ್ರೆ!"

"ಮತ್ತೆ ಇಷ್ಟು ಬೊಬ್ಬೆ ಎಂತಕ್ಕೆ?"

"ಎಂತಕ್ಕೆ ಅಂದ್ರೆ... ನಿಮ್ಮ ಮಗ ಇಷ್ಟು ವರ್ಷ ಕಾದಿದ್ದಾನಲ್ಲ! ಒಮ್ಮೆ, ಒಂದೇ ಒಮ್ಮೆ ಅವನಿಗೆ ಗೆದ್ದು ಕೊಡಬಾರದಾ ಆ ಬೇವಾರ್ಸಿಗಳು? ಹೊಟ್ಟೆ ಉರಿಯುದಿಲ್ಲವಾ?" ನನಗೇ ಗೊತ್ತಿರಲಿಲ್ಲ, ಆ ಹುಡುಗನನ್ನು ನಾನು ಅಷ್ಟು ಹಚ್ಚಿಕೊಂಡಿದ್ದೇನೆ ಎಂದು.

ಬೆಳ್ಯಪ್ಪ ಗೌಡರು ಬೆರಳು ಇಳಿಸಿದರು. ಅಷ್ಟರಲ್ಲಿ ಜೀವನ್ ಫೋನು ಹಿಡಿದು ಮೂಲೆಗೆ ಹೋಗಿ ಮೆಲ್ಲಗೆ ಯಾರಿಗೋ ಸಮಾಧಾನ ಹೇಳುತ್ತಿದ್ದ. "ಅಳಬೇಡ ಮಾರಾಯ್ತಿ... ಹೌದು, ನಾನೂ ನೋಡಿದೆ... ಮಾವ ಇಲ್ಲೇ ಇದ್ದಾರೆ, ತಡಿ." ಫೋನು ನನ್ನ ಕೈಗೆ ಕೊಟ್ಟ. "ಸೌಮ್ಯ, ಮಾವ."

"ಅಪ್ಪಾ," ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು. "ಕೊನೆಗೆ ಹೀಗೆ ಮಾಡ್ತಾರಾ ಅಪ್ಪಾ? ಆ ಗೋಲಿಯನ್ನು ಮಕರ ಸಂಕ್ರಮಣಕ್ಕೇ ತೆಗೀಬೇಕಿತ್ತು."

ಶನಿವಾರ ಶನಿವಾರ ಮುಚ್ಚಿದ ಬಾಗಿಲು, ಲ್ಯಾಬಿನ ಪರೀಕ್ಷೆ! ಜಿಲ್ಲೆಯ ಬಸ್ಸುಗಳನ್ನೆಲ್ಲ ಜಾಲಾಡಿದ ನಾನು ಇಡೀ ವರ್ಷ ನನ್ನ ಮನೆಯ ಆ ಕೋಣೆಯ ಬಾಗಿಲು ತಟ್ಟಿರಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದೆ. ಅವಳು ಬಿಕ್ಕುತ್ತಿದ್ದಳು.

"ಅಳಬೇಡ ಮಗಾ," ಎಂದೆ. "ಮುಂದಿನ ವರ್ಷ ಎಲ್ಲರೂ ಒಟ್ಟಿಗೆ ಕೂತು ನೋಡುವ. ನಿಮ್ಮ ಮನೆಯಲ್ಲೇ."

ಫೋನಿನ ಆ ಕಡೆಯ ಬಿಕ್ಕು ನಿಂತಿತು. ಬೆಳ್ಯಪ್ಪ ಗೌಡರು ಅಣ್ಣನ ಮುಖ ನೋಡಿದರು.

"ನಿಮ್ಮ ಮನೆ ಅಂದ್ರೆ? ಯಾರ ಮನೆ ಗೌಡ್ರೇ?"

"ಇವರಿಬ್ಬರದ್ದು. ಮತ್ತೆ ಯಾರದ್ದು?"

ಬೆಳ್ಯಪ್ಪ ಗೌಡರು ತುಂಬ ಹೊತ್ತು ಕೆಮ್ಮಿದರು. ಆಮೇಲೆ ಸೊಂಟದ ಚೀಲ ಬಿಚ್ಚಿ, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯ ಹೋಳೊಂದನ್ನು ಇಟ್ಟು ನನ್ನ ಕಡೆ ಚಾಚಿದರು. ಅಡಿಕೆಯನ್ನು ತಿರುಗಿಸಿ ನೋಡದೆ ನಾನು ಬಾಯಿಗೆ ಹಾಕಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.